ಕಣ್ಣಿನ ವ್ಯಾಯಾಮದಿಂದ ಚಸ್ಮಾ ಹೋಗುತ್ತದೆಯೇ?

ನಿಮ್ಮ ಮನೆಯ ಹುಡುಗಿಗೆ ಕನ್ನಡಕ ಬೇಕೆಂದು ವೈದ್ಯರು ಹೇಳಿದ ದಿನ ಮನೆಯಲ್ಲಿ ಮೊದಲು ಕೇಳಿಬಂದ ಮಾತು ಯಾವುದು? ಸ್ವಲ್ಪ ನೆನಪಿಸಿಕೊಳ್ಳಿ. “ಇಷ್ಟು ಸಣ್ಣ ವಯಸ್ಸಿಗೇ ಚಸ್ಮಾವೇ?” ಎಂದು ದಾದಿ ನಿಟ್ಟುಸಿರು ಬಿಟ್ಟಿರುತ್ತಾರೆ. “ನಾಳೆ ಸಂಬಂಧ ನೋಡಲು ಬಂದವರಿಗೆ ಏನು ಹೇಳೋಣ?” ಎಂದು ಖಾಲಾ ಕೇಳಿರುತ್ತಾರೆ. ಅದೇ ಮನೆಯ ಹುಡುಗನಿಗೆ ಕನ್ನಡಕ ಬಂದರೆ ಮಾತಿನ ಧಾಟಿಯೇ ಬೇರೆ. ‘ಬಹಳ ಓದುತ್ತಾನೆ ನೋಡಿ’ ಎಂಬ ಹೆಮ್ಮೆ. ಹುಡುಗಿಯ ಮೂಗಿನ ಮೇಲೆ ಕುಳಿತ ಕನ್ನಡಕ ಮಾತ್ರ ಮನೆಮಂದಿಗೆಲ್ಲ ಚಿಂತೆಯ ವಸ್ತುವಾಗುತ್ತದೆ. ‘ಕನ್ನಡಕವಿಲ್ಲದೆ ದೃಷ್ಟಿ ಸುಧಾರಿಸಿ’ ಎಂಬ ಪುಸ್ತಕ, ಶಿಬಿರ, ಮೊಬೈಲ್ ವಿಡಿಯೋ ನಮ್ಮ ಮನೆಗಳಿಗೆ ಪ್ರವೇಶಿಸುವುದು ಈ ಚಿಂತೆಯ ಬಾಗಿಲಿನಿಂದಲೇ.

ಕಲಬುರಗಿಯ ಬ್ರಹ್ಮಪುರದಲ್ಲಿ ನನಗೆ ಪರಿಚಯದ ತಾಯಿಯೊಬ್ಬರು ಬೇಸಿಗೆ ರಜೆ ಆರಂಭವಾದೊಡನೆ ಆರನೇ ತರಗತಿಯ ಮಗಳ ಕನ್ನಡಕವನ್ನು ಅಲಮಾರಿಯಲ್ಲಿಟ್ಟು ಬೀಗ ಹಾಕಿದರು. ಬೆಳಿಗ್ಗೆ ಎದ್ದು ಅಂಗೈಗಳನ್ನು ಉಜ್ಜಿ ಕಣ್ಣಿನ ಮೇಲಿಡುವುದು, ಕಣ್ಣುಗುಡ್ಡೆಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಿಸುವುದು, ಸಂಜೆ ರೆಪ್ಪೆ ಮಿಟುಕಿಸದೆ ಮೇಣದ ಬತ್ತಿ ನೋಡುವುದು, ರಾತ್ರಿ ಬಾದಾಮಿ, ಸೋಂಪು, ಕಲ್ಲುಸಕ್ಕರೆಯ ಪುಡಿ ಹಾಕಿದ ಹಾಲು. ಶ್ರದ್ಧೆಗೆ ಕೊರತೆಯಿರಲಿಲ್ಲ. ಆರು ತಿಂಗಳು ಕಳೆದವು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕ ಇಳಿದಾಗ ಶಾಲೆಯಿಂದ ಕರೆ ಬಂತು. ಹಲಗೆಯ ಮೇಲಿನ 3 ಯಾವುದು, 8 ಯಾವುದು ಎಂದು ಹುಡುಗಿಗೆ ತಿಳಿಯುತ್ತಿರಲಿಲ್ಲ. ಪಕ್ಕದವಳ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತಿದ್ದಳು. ಮತ್ತೆ ಪರೀಕ್ಷಿಸಿದಾಗ ಒಂದೂವರೆ ಇದ್ದ ನಂಬರ್ ಎರಡೂಕಾಲು ಆಗಿತ್ತು.

“ಆಪಾ, ಒಂದ್ ದಿನಾನೂ ಬಿಟ್ಟಿಲ್ಲರಿ. ಆದ್ರೂ ಯಾಕ ಹಿಂಗಾತು?” ಎಂದು ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವಾಗ ದೊರೆತ ವಿಷಯಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ. ತಪ್ಪು ಅವರದೆಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ಯಾರೂ ಪೂರ್ತಿ ವಿಷಯ ಹೇಳಿರಲಿಲ್ಲ.

ನಂಬರ್ ಬರುವುದು ಎಲ್ಲಿಂದ?

ದೊಡ್ಡವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದವಿರುತ್ತದೆ. ಮುಂದಿನ ಪಾರದರ್ಶಕ ಪೊರೆ ಮತ್ತು ಒಳಗಿನ ಮಸೂರ ಬೆಳಕನ್ನು ಬಾಗಿಸಿ ಹಿಂದಿನ ಅಕ್ಷಿಪಟಲದ ಮೇಲೆ ಚಿತ್ರ ಮೂಡಿಸುತ್ತವೆ. ಗುಡ್ಡೆ ಬೇಕಾದುದಕ್ಕಿಂತ ಉದ್ದ ಬೆಳೆದರೆ ಚಿತ್ರ ಪಟಲಕ್ಕಿಂತ ಮುಂದೆಯೇ ಕೂಡಿಬಿಡುತ್ತದೆ, ದೂರದ್ದು ಮಸುಕಾಗುತ್ತದೆ. ಇದೇ ಮೈನಸ್ ನಂಬರ್. ಒಂದೇ ಒಂದು ಮಿಲಿಮೀಟರ್ ಹೆಚ್ಚಾದರೂ ಎರಡೂವರೆಯಿಂದ ಮೂರರವರೆಗೆ ನಂಬರ್ ಬರುತ್ತದೆ. ಹುಡುಗಿಯ ಎತ್ತರ ಹೇಗೆ ಒಮ್ಮೆ ಬೆಳೆದ ಮೇಲೆ ಕುಗ್ಗುವುದಿಲ್ಲವೋ ಹಾಗೆಯೇ ಬೆಳೆದ ಕಣ್ಣುಗುಡ್ಡೆಯೂ ಕುಗ್ಗುವುದಿಲ್ಲ.

ಹಾಗಾದರೆ ವ್ಯಾಯಾಮದಿಂದ ಅದು ಸರಿಹೋಗುತ್ತದೆ ಎಂಬ ಮಾತು ಹುಟ್ಟಿದ್ದು ಎಲ್ಲಿ? ನ್ಯೂಯಾರ್ಕಿನ ನೇತ್ರವೈದ್ಯ ವಿಲಿಯಂ ಬೇಟ್ಸ್ 1920ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ. ಹತ್ತಿರದ್ದನ್ನೂ ದೂರದ್ದನ್ನೂ ನೋಡುವಾಗ ಆಕಾರ ಬದಲಿಸುವುದು ಮಸೂರವಲ್ಲ, ಹೊರಗಿನ ಸ್ನಾಯುಗಳು ಇಡೀ ಗುಡ್ಡೆಯನ್ನೇ ಹಿಂಡುತ್ತವೆ, ಮನಸ್ಸಿನ ಬಿಗಿತದಿಂದ ದೃಷ್ಟಿ ಕೆಡುತ್ತದೆ, ಬಿಗಿತ ಸಡಿಲಿಸಿದರೆ ಕನ್ನಡಕ ಬೇಡ ಎಂಬುದು ಅವರ ವಾದ. ಅಂಗೈ ಮುಚ್ಚುವುದು, ತೂಗಾಡುತ್ತಾ ನೋಡುವುದು, ಸೂರ್ಯನಿಗೆ ಕಣ್ಣೊಡ್ಡುವುದು ಎಲ್ಲವೂ ಅವರು ಪ್ರಚಾರಕ್ಕೆ ತಂದ ಪದ್ಧತಿಗಳು. ಆದರೆ ದೂರ-ಹತ್ತಿರಕ್ಕೆ ಹೊಂದಿಕೊಳ್ಳುವುದು ಒಳಗಿನ ಮಸೂರವೇ ಎಂಬುದನ್ನು ಇಂಗ್ಲೆಂಡಿನ ಥಾಮಸ್ ಯಂಗ್ 1801ರಲ್ಲಿಯೇ ತೋರಿಸಿಕೊಟ್ಟಿದ್ದರು. ಬೇಟ್ಸ್ ಅವರ ಅಡಿಪಾಯವೇ ತಪ್ಪಾಗಿತ್ತು. ಅವರ ಜಾಹೀರಾತು ಜನರನ್ನು ದಾರಿ ತಪ್ಪಿಸುತ್ತದೆಂದು 1929ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ದೂರು ಹೂಡಿತು. ಆದರೂ ಪದ್ಧತಿ ಸಾಯಲಿಲ್ಲ. ಭಾರತಕ್ಕೆ ಬಂದು ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಡಾ. ಆರ್. ಎಸ್. ಅಗರ್ವಾಲ್ ಅವರ ಮೂಲಕ ನೆಲೆಯೂರಿತು. ನಮ್ಮ ಊರುಗಳಲ್ಲಿ ನಡೆಯುವ ಶಿಬಿರಗಳ ಎಷ್ಟೋ ಅಭ್ಯಾಸಗಳಲ್ಲಿ ಬೇಟ್ಸ್ ಪದ್ಧತಿಯ ನೆರಳು ಕಾಣುತ್ತದೆ.

ಪ್ರಸಿದ್ಧ ಲೇಖಕ ಆಲ್ಡಸ್ ಹಕ್ಸ್ಲಿ ಎಳವೆಯಲ್ಲೇ ಕಣ್ಣಿನ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡವರು. ಈ ಪದ್ಧತಿಯಿಂದ ತಮಗೆ ಲಾಭವಾಯಿತೆಂದು 1942ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹತ್ತು ವರ್ಷಗಳ ಬಳಿಕ ಒಂದು ಔತಣಕೂಟದಲ್ಲಿ ಅವರು ಕನ್ನಡಕವಿಲ್ಲದೆ ಭಾಷಣ ಓದುತ್ತಿದ್ದರು. ಎಲ್ಲರೂ ಬೆರಗಾಗಿ ನೋಡುತ್ತಿರುವಾಗ ಮಧ್ಯದಲ್ಲಿ ಮಾತು ತಡವರಿಸಿತು. ಅವರು ಓದುತ್ತಿರಲಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದರು. ಮರೆತ ಸಾಲು ಹುಡುಕಲು ಕೊನೆಗೆ ಜೇಬಿನಿಂದ ಭೂತಗನ್ನಡಿ ತೆಗೆಯಬೇಕಾಯಿತು ಎಂದು ಅಲ್ಲಿದ್ದ ಪ್ರಕಾಶಕ ಬೆನೆಟ್ ಸರ್ಫ್ ಬರೆದಿದ್ದಾರೆ. ಓದಿದಾಗ ನನಗೆ ನಗು ಬರಲಿಲ್ಲ. ನಮ್ಮ ಬ್ರಹ್ಮಪುರದ ಹುಡುಗಿ ಕೂಡ ಮನೆಯ ಗೋಡೆಗೆ ಅಂಟಿಸಿದ್ದ ಅಕ್ಷರದ ಪಟವನ್ನು ಹೀಗೆಯೇ ಬಾಯಿಪಾಠ ಮಾಡಿಕೊಂಡಿದ್ದಳು. ಅಮ್ಮಿಗೆ ಬೇಸರವಾಗಬಾರದೆಂದು.

ಲಾಭ ಕಂಡವರು ಸುಳ್ಳು ಹೇಳುತ್ತಿಲ್ಲ

“ಆದರೆ ನಮ್ಮ ಅತ್ತಿಗೆಯ ಮಗನ ನಂಬರ್ ನಿಜವಾಗಿಯೂ ಇಳಿಯಿತಲ್ಲ?” ಎಂದು ನೀವು ಕೇಳಬಹುದು. ಇಳಿದಿರಲೂಬಹುದು. ಮಕ್ಕಳು ಗಂಟೆಗಟ್ಟಲೆ ಪುಸ್ತಕಕ್ಕೋ ಮೊಬೈಲಿಗೋ ಕಣ್ಣು ಅಂಟಿಸಿಕೊಂಡಿದ್ದರೆ ಮಸೂರವನ್ನು ಹಿಡಿದಿರುವ ಒಳಗಿನ ಸಣ್ಣ ಸ್ನಾಯು ಬಿಗಿದುಕೊಂಡು ಹಾಗೆಯೇ ನಿಂತುಬಿಡುತ್ತದೆ. ಆಗ ಇಲ್ಲದ ಮೈನಸ್ ನಂಬರ್ ಇರುವಂತೆ ಕಾಣುತ್ತದೆ. ಇದು ಸುಳ್ಳು ನಂಬರ್. ವಿಶ್ರಾಂತಿ ಕೊಟ್ಟರೆ ಇಳಿಯುತ್ತದೆ. ಆದ್ದರಿಂದಲೇ ಮಕ್ಕಳ ಕಣ್ಣಿಗೆ ಔಷಧದ ಹನಿ ಹಾಕಿ, ಆ ಸ್ನಾಯುವನ್ನು ಸಡಿಲಗೊಳಿಸಿದ ಬಳಿಕವೇ ನಂಬರ್ ತೆಗೆಯಬೇಕು. ಹನಿ ಹಾಕದೆ ಯಂತ್ರದ ಮುಂದೆ ಕೂರಿಸಿ ಎರಡೇ ನಿಮಿಷದಲ್ಲಿ ಚೀಟಿ ಬರೆದುಕೊಟ್ಟರೆ ಮಗುವಿಗೆ ಬೇಡದ ನಂಬರ್ ಬಂದೀತು. ಕಣ್ಣಿನ ವ್ಯಾಯಾಮದಲ್ಲಿ ಸತ್ಯಾಂಶವಿರುವ ಒಂದು ಜಾಗ ಇದು.

ಇನ್ನೊಂದು ಸ್ಥಳವೂ ಇದೆ. ಕೆಲವು ಮಕ್ಕಳಿಗೆ ಹತ್ತಿರ ನೋಡುವಾಗ ಎರಡೂ ಕಣ್ಣು ಒಳಕ್ಕೆ ಕೂಡಿಬರುವುದಿಲ್ಲ. ಓದಿದ ಹತ್ತೇ ನಿಮಿಷಕ್ಕೆ ತಲೆನೋವು, ಸಾಲುಗಳು ಎರಡೆರಡಾಗಿ ಕಾಣುವುದು. 2008ರಲ್ಲಿ ಅಮೆರಿಕದಲ್ಲಿ ಇಂತಹ 221 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ತರಬೇತಾದವರ ಮುಂದೆ ಕುಳಿತು 12 ವಾರ ಕಣ್ಣಿನ ಅಭ್ಯಾಸ ಮಾಡಿದವರಲ್ಲಿ ಶೇ. 73 ಮಂದಿಗೆ ಗುಣ ಕಂಡಿತು. ಮನೆಯಲ್ಲಿ ತಾವಾಗಿಯೇ ಪೆನ್ಸಿಲ್ ಹಿಡಿದು ಅಭ್ಯಾಸ ಮಾಡಿದವರಲ್ಲಿ ಶೇ. 43. ಅಂದರೆ ಈ ತೊಂದರೆಗೆ ವ್ಯಾಯಾಮವೇ ಔಷಧ, ಆದರೆ ಬಲ್ಲವರ ಬಳಿ ಕಲಿತು. ಅದರಿಂದ ಇಳಿಯುವುದು ತಲೆನೋವು, ಕನ್ನಡಕದ ನಂಬರಲ್ಲ.

ಉಳಿದಂತೆ? ಗುಜರಾತಿನ ಜಾಮ್‌ನಗರದ ಆಯುರ್ವೇದ ಸಂಸ್ಥೆಯಲ್ಲಿ ತ್ರಾಟಕವನ್ನೂ ಕಣ್ಣಿನ ವ್ಯಾಯಾಮವನ್ನೂ ಪರೀಕ್ಷಿಸಿದ ವರದಿ 2012ರಲ್ಲಿ ಪ್ರಕಟವಾಯಿತು. ಅಭ್ಯಾಸ ಮಾಡಿದವರಿಗೆ ಹಾಯೆನಿಸಿತು, ಆದರೆ ಅಳತೆಯಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಚೀನಾದ ಶಾಲೆಗಳಲ್ಲಿ 1963ರಿಂದಲೂ ಮಕ್ಕಳಿಗೆ ಕಣ್ಣಿನ ಸುತ್ತ ಒತ್ತಿಕೊಳ್ಳುವ ವ್ಯಾಯಾಮ ಮಾಡಿಸಲಾಗುತ್ತಿದೆ. ಎರಡು ಮೂರು ಪೀಳಿಗೆಗಳು ಅದನ್ನು ಮಾಡಿ ಬೆಳೆದವು. 2018ರ ಅಲ್ಲಿನ ಸರ್ಕಾರಿ ಸಮೀಕ್ಷೆಯಲ್ಲಿ ಪ್ರೌಢ ತರಗತಿಯ ಮಕ್ಕಳಲ್ಲಿ ಶೇ. 81 ಮಂದಿಗೆ ಮೈನಸ್ ನಂಬರ್ ಇತ್ತು. ಇದಕ್ಕಿಂತ ದೊಡ್ಡ ಪುರಾವೆ ಬೇಕೆಂದು ನನಗನಿಸುವುದಿಲ್ಲ.

ಹಾಗೆಂದು ಕಣ್ಣಿಗೆ ವಿಶ್ರಾಂತಿ ಬೇಡವೇ?

ಖಂಡಿತ ಬೇಕು, ಅದರಲ್ಲೂ ನಿಮಗೆ. ಮನೆಗೆಲಸ ಮುಗಿಸಿ ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕೂರುವ, ದುಪಟ್ಟಾದ ಅಂಚಿಗೆ ಮಣಿ ಪೋಣಿಸುವ, ರಾತ್ರಿ ಮಕ್ಕಳು ಮಲಗಿದ ಮೇಲೆ ಮೊಬೈಲ್ ಹಿಡಿಯುವ ಕಣ್ಣುಗಳಿಗೆ. ಉರಿ, ಕಣ್ಣೊಳಗೆ ಮರಳು ಬಿದ್ದಂತಹ ಚುಚ್ಚು, ಸಂಜೆಗೆ ಹಣೆನೋವು ಇವು ದಣಿವಿನ ಲಕ್ಷಣಗಳು. ಇಲ್ಲಿ ವಿಶ್ರಾಂತಿ ನಿಜಕ್ಕೂ ಕೆಲಸ ಮಾಡುತ್ತದೆ.

ಸಾಮಾನ್ಯವಾಗಿ ನಾವು ನಿಮಿಷಕ್ಕೆ ಹದಿನೈದು ಬಾರಿಯಷ್ಟು ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕಿಳಿಯುತ್ತದೆ. ರೆಪ್ಪೆ ಬಡಿದಾಗಲೆಲ್ಲ ಕಣ್ಣೀರಿನ ತೆಳು ಪದರ ಕಣ್ಣಿನ ಮೇಲೆ ಹರಡುತ್ತದೆ, ಬಡಿಯದಿದ್ದರೆ ಒಣಗುತ್ತದೆ. ನಮ್ಮ ಭಾಗದ ಒಣ ಬಿಸಿಗಾಳಿ, ಧೂಳು, ಮುಖಕ್ಕೆ ನೇರವಾಗಿ ತಿರುಗಿಸಿಟ್ಟ ಕೂಲರ್ ಎಲ್ಲ ಸೇರಿದರೆ ಕೇಳಬೇಕೆ? ಆದ್ದರಿಂದ ಸೂಜಿಗೆ ದಾರ ಪೋಣಿಸುವಾಗಲೆಲ್ಲ ಒಮ್ಮೆ ನಿಲ್ಲಿಸಿ, ರೆಪ್ಪೆಗಳನ್ನು ಮೆಲ್ಲಗೆ ಪೂರ್ತಿ ಮುಚ್ಚಿ ತೆರೆಯಿರಿ, ಹತ್ತು ಬಾರಿ. ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆ ಇಪ್ಪತ್ತು ಅಡಿಗಿಂತ ದೂರದ ಏನನ್ನಾದರೂ ಇಪ್ಪತ್ತು ಸೆಕೆಂಡು ನೋಡಿ. ಎದುರು ಮನೆಯ ನೀರಿನ ಟ್ಯಾಂಕ್ ಆದರೂ ಸಾಕು. ಅಂಗೈಗಳನ್ನು ಬಟ್ಟಲಿನಂತೆ ಮಾಡಿ ಮುಚ್ಚಿದ ಕಣ್ಣುಗಳ ಮೇಲಿಟ್ಟು ಎರಡು ನಿಮಿಷ ಕೂರುವುದೂ ಒಳ್ಳೆಯದೇ, ಗುಡ್ಡೆಯನ್ನು ಒತ್ತದಿದ್ದರೆ. ಕೂಲರ್ ಮುಖ ಬೇರೆಡೆ ತಿರುಗಿಸಿ. ಹೊಲಿಗೆಗೆ ಬೆಳಕು ಬೆನ್ನ ಹಿಂದಿನಿಂದ ಅಥವಾ ಎಡಗಡೆಯಿಂದ ಬರಲಿ. ನಿದ್ದೆಗೆಡಬೇಡಿ. ಇಷ್ಟಕ್ಕೆ ಶುಲ್ಕ ಕೊಟ್ಟು ಶಿಬಿರಕ್ಕೆ ಹೋಗಬೇಕಿಲ್ಲ.

ಮಾಡಲೇಬಾರದ್ದು ಸೂರ್ಯನನ್ನು ದಿಟ್ಟಿಸುವುದು. ಹತ್ತನೇ ಶತಮಾನದಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಇಬ್ನುಲ್ ಹೈಸಮ್ ‘ಕಿತಾಬುಲ್ ಮನಾಝಿರ್’ ಎಂಬ ಗ್ರಂಥದಲ್ಲಿ, ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆಂಬ ಗ್ರೀಕರ ವಾದವನ್ನು ಅಲ್ಲಗಳೆದರು. ಪ್ರಖರ ಬೆಳಕನ್ನು ನೋಡಿದರೆ ಕಣ್ಣು ನೋಯುತ್ತದೆ, ಅಂದರೆ ಬೆಳಕೇ ಕಣ್ಣಿನ ಮೇಲೆ ಪರಿಣಾಮ ಮಾಡುತ್ತಿದೆ ಎಂಬುದು ಅವರ ವಾದದ ಮೊದಲ ಮೆಟ್ಟಿಲು. ಸಾವಿರ ವರ್ಷಗಳ ಹಿಂದೆಯೇ ತಿಳಿದಿದ್ದ ಆ ನೋವನ್ನು ಚಿಕಿತ್ಸೆಯೆಂದು ಹೇಳಿಕೊಡುವವರಿದ್ದಾರೆ! ಸೂರ್ಯನ ಬೆಳಕಿನಿಂದ ಅಕ್ಷಿಪಟಲದ ನಡುಭಾಗ ಸುಟ್ಟರೆ ದೃಷ್ಟಿಯ ನಟ್ಟನಡುವೆ ಕಲೆ ನಿಲ್ಲುತ್ತದೆ. ಜೇನುತುಪ್ಪ, ಈರುಳ್ಳಿ ರಸ, ಅಂಗಡಿಯ ಗುಲಾಬಿ ನೀರು ಕಣ್ಣಿಗೆ ಬಿಡುವುದೂ ಬೇಡ. ಸುರ್ಮಾದ ಬಗ್ಗೆಯೂ ಒಂದು ಮಾತು. ಪೇಟೆಯಲ್ಲಿ ಸಿಗುವ ಸುರ್ಮಾದಲ್ಲಿ ಎಷ್ಟೋ ಬಾರಿ ಇರುವುದು ಸೀಸದ ಅದಿರಿನ ಪುಡಿ. ಹಸುಗೂಸುಗಳು ಕಣ್ಣುಜ್ಜಿ ಆ ಕೈ ಬಾಯಿಗಿಡುತ್ತವೆ, ಸೀಸ ರಕ್ತಕ್ಕೆ ಸೇರುತ್ತದೆ. ಏನಿದೆಯೆಂದು ಗೊತ್ತಿಲ್ಲದ ಸುರ್ಮಾವನ್ನು ಮಗುವಿಗೆ ಹಚ್ಚಬೇಡಿ.

ಬಾದಾಮಿ ಹಾಲು, ಗಜ್ಜರಿ, ಮೆಂತ್ಯ, ಪುಂಡಿ ಪಲ್ಯ, ಕಮಲಾಪುರದ ಕೆಂಪು ಬಾಳೆಹಣ್ಣು ಎಲ್ಲವನ್ನೂ ಸಂತೋಷದಿಂದ ಕೊಡಿ. ಸೊಪ್ಪು, ಗಜ್ಜರಿಗಳಿಂದ ದೇಹಕ್ಕೆ ‘ಎ’ ಜೀವಸತ್ವ ದೊರೆಯುತ್ತದೆ. ಅದರ ಕೊರತೆಯಿಂದ ಬರುವ ಇರುಳುಗುರುಡು ವಾಸಿಯಾಗುತ್ತದೆ. ಉದ್ದ ಬೆಳೆದ ಗುಡ್ಡೆ ಮಾತ್ರ ಗಜ್ಜರಿಗೆ ಜಗ್ಗುವುದಿಲ್ಲ.

ಮಾಳಿಗೆಯ ಮೇಲಿನ ಬೆಳಕು

ಈಗ ಮುಖ್ಯ ವಿಷಯಕ್ಕೆ ಬರೋಣ. ಬಂದ ನಂಬರ್ ವ್ಯಾಯಾಮದಿಂದ ಹೋಗುವುದಿಲ್ಲ, ನಿಜ. ಆದರೆ ಬರದಂತೆ ತಡೆಯಲು, ಕನಿಷ್ಠ ತಡವಾಗಿ ಬರುವಂತೆ ಮಾಡಲು ಒಂದು ಸಹಜ ಉಪಾಯವಿದೆ. ಅದಕ್ಕೆ ಖರ್ಚೂ ಇಲ್ಲ. ಹಗಲು ಬೆಳಕಿನಲ್ಲಿ ಹೊರಗಿರುವುದು.

ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ಮೂರು ವರ್ಷ ಗಮನಿಸಲಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಮಕ್ಕಳನ್ನು ಬಯಲಿಗೆ ಬಿಟ್ಟರು, ಬೇರೇನೂ ಮಾಡಲಿಲ್ಲ. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬಯಲಿಗೆ ಹೋದವರಲ್ಲಿ ಶೇ. 30ರಷ್ಟು ಮಕ್ಕಳಿಗೆ ಮೈನಸ್ ನಂಬರ್ ಬಂದರೆ, ಉಳಿದವರಲ್ಲಿ ಸುಮಾರು ಶೇ. 40 ಮಂದಿಗೆ ಬಂದಿತ್ತು. ತೈವಾನ್ 2010ರಿಂದ ಶಾಲಾ ಮಕ್ಕಳಿಗೆ ದಿನಕ್ಕೆ 120 ನಿಮಿಷ ಹೊರಗಿನ ಬೆಳಕು ಎಂಬ ಕಾರ್ಯಕ್ರಮ ನಡೆಸಿತು. ಅಲ್ಲಿ ದಶಕಗಳಿಂದ ಏರುತ್ತಲೇ ಇದ್ದ ದೃಷ್ಟಿದೋಷದ ಪ್ರಮಾಣ ಆ ಬಳಿಕ ಇಳಿಯತೊಡಗಿತು. ಹೊರಗಿನ ಪ್ರಖರ ಬೆಳಕು ಅಕ್ಷಿಪಟಲದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ ಗುಡ್ಡೆಯ ಬೆಳವಣಿಗೆಗೆ ಕಡಿವಾಣ ಹಾಕುತ್ತದೆಂದು ತಜ್ಞರು ಭಾವಿಸುತ್ತಾರೆ.

“ನಮ್ಮ ಕಲಬುರಗಿಯ ಬಿಸಿಲಲ್ಲಿ ಮಕ್ಕಳನ್ನು ಹೊರಗೆ ಬಿಡುವುದೇ?” ಸರಿಯಾದ ಪ್ರಶ್ನೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಯಾರೂ ಹೊರಬರಬಾರದು. ಆದರೆ ಬಿಸಿಲೇ ಬೇಕಿಲ್ಲ, ಬೆಳಕು ಬೇಕು. ಮನೆಯೊಳಗಿನ ಟ್ಯೂಬ್‌ಲೈಟ್‌ಗಿಂತ ಬೇವಿನ ಮರದ ನೆರಳಿನ ಬೆಳಕು ಹತ್ತಾರು ಪಟ್ಟು ಹೆಚ್ಚು. ಬೆಳಿಗ್ಗೆ ಒಂಬತ್ತರೊಳಗೆ ಮತ್ತು ಅಸರ್ ನಮಾಝಿನ ನಂತರ ಮಾಳಿಗೆಯ ಮೇಲೆ ಹಗ್ಗದಾಟವಾಡಲಿ. ವಾರಕ್ಕೆರಡು ದಿನ ಅಪ್ಪನ ಕೆರೆಯ ದಂಡೆಗೋ ಪಬ್ಲಿಕ್ ಗಾರ್ಡನ್ನಿಗೋ ನೀವೂ ಜೊತೆಗೆ ಹೋಗಿ. ಶಾಲೆಯ ಆಟದ ಪೀರಿಯಡ್ ಅನ್ನು ಗಣಿತಕ್ಕೆ ಕೊಡದಂತೆ ಪಾಲಕರ ಸಭೆಯಲ್ಲಿ ಕೇಳಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಮನೆಗಳಲ್ಲಿ ಹತ್ತು ಹನ್ನೊಂದು ವರ್ಷವಾದೊಡನೆ ಹುಡುಗಿಯ ಆಟ ನಿಂತುಹೋಗುತ್ತದೆ. ಅಣ್ಣ ಗಲ್ಲಿಯಲ್ಲಿ ಕ್ರಿಕೆಟ್ ಆಡುವಾಗ ಅವಳು ಒಳಗೆ ಕುಳಿತು ಪುಸ್ತಕ ಅಥವಾ ಮೊಬೈಲ್ ನೋಡುತ್ತಿರುತ್ತಾಳೆ. ಕಣ್ಣುಗುಡ್ಡೆ ವೇಗವಾಗಿ ಬೆಳೆಯುವ ವಯಸ್ಸೂ ಅದೇ. ಆಮೇಲೆ ಅವಳ ಕನ್ನಡಕಕ್ಕಾಗಿ ಚಿಂತಿಸುವವರೂ ನಾವೇ.

ಇನ್ನು ‘ಕನ್ನಡಕ ಹಾಕಿದರೆ ನಂಬರ್ ಏರುತ್ತದೆ’ ಎಂಬ ನಂಬಿಕೆ. 2002ರಲ್ಲಿ ಪ್ರಕಟವಾದ ಮಲೇಷ್ಯಾದ ಪ್ರಯೋಗವೊಂದರಲ್ಲಿ 94 ಮಕ್ಕಳ ಪೈಕಿ ಕೆಲವರಿಗೆ ಪೂರ್ತಿ ನಂಬರ್, ಕೆಲವರಿಗೆ ಬೇಕೆಂದೇ ಕಡಿಮೆ ನಂಬರ್ ಕೊಡಲಾಯಿತು. ಎರಡು ವರ್ಷಗಳಲ್ಲಿ ನಂಬರ್ ಹೆಚ್ಚು ಏರಿದ್ದು ಕಡಿಮೆ ನಂಬರ್ ಹಾಕಿದ್ದವರಿಗೆ. ಕನ್ನಡಕ ಕಣ್ಣನ್ನು ಸೋಮಾರಿ ಮಾಡುವುದಿಲ್ಲ. ಕಣ್ಣನ್ನು ನಿಜವಾಗಿ ಸೋಮಾರಿ ಮಾಡುವುದು ಬೇಕಾದ ಕನ್ನಡಕ ಹಾಕದಿರುವುದು. ಒಂದು ಕಣ್ಣಿನ ನಂಬರ್ ಮತ್ತೊಂದಕ್ಕಿಂತ ಬಹಳ ಹೆಚ್ಚಿದ್ದರೆ ಮೆದುಳು ಮಸುಕಾದ ಕಣ್ಣಿನ ಚಿತ್ರವನ್ನು ಕೈಬಿಡುತ್ತದೆ. ಏಳೆಂಟು ವರ್ಷದೊಳಗೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಅಂಟಿಸಿ ಮಂದ ಕಣ್ಣಿಗೆ ಕೆಲಸ ಕೊಟ್ಟರೆ ದೃಷ್ಟಿ ಮರಳುತ್ತದೆ. ವಯಸ್ಸು ಮೀರಿದಷ್ಟೂ ಕಷ್ಟ. ಮಗು ತಾನಾಗಿ ಹೇಳುವುದಿಲ್ಲ, ಏಕೆಂದರೆ ಎರಡೂ ಕಣ್ಣು ತೆರೆದಿದ್ದಾಗ ಅದಕ್ಕೆ ಎಲ್ಲವೂ ಕಾಣುತ್ತದೆ. ಇಂದು ಸಂಜೆಯೇ ಮಗುವಿನ ಒಂದು ಕಣ್ಣನ್ನು ನಿಮ್ಮ ಅಂಗೈಯಿಂದ ಮುಚ್ಚಿ, ಗೋಡೆಯ ಕ್ಯಾಲೆಂಡರ್ ಓದಿಸಿ. ನಂತರ ಇನ್ನೊಂದು. ಒಂದು ಕಣ್ಣು ಮುಚ್ಚಿದಾಗ ಮಾತ್ರ ಮಗು ಗೊಣಗಿ ಕೈ ಸರಿಸಿದರೆ ತಡಮಾಡಬೇಡಿ.

ಹಿರಿಯರ ಕಣ್ಣು

ನಲವತ್ತು ದಾಟಿದ ಮೇಲೆ ಸೂಜಿಯ ಕಣ್ಣು ಕಾಣದಿರುವುದು, ಕುರ್‌ಆನ್ ಓದುವಾಗ ಸಾಲುಗಳು ಒಂದರೊಳಗೊಂದು ಸೇರುವುದು ಮಸೂರ ಗಟ್ಟಿಯಾಗುವುದರಿಂದ. ಇದು ತಲೆಗೂದಲು ನರೆಯುವಷ್ಟೇ ಸಹಜ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ, ಅವರಲ್ಲಿ ಹೆಚ್ಚಿನವರು ಮಹಿಳೆಯರು, ಹತ್ತಿರ ನೋಡುವ ಸಾದಾ ಕನ್ನಡಕ ಕೊಟ್ಟು ನೋಡಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕನ್ನಡಕವಿಲ್ಲದವರಿಗೆ ಹೋಲಿಸಿದರೆ ಅವರು ಕೀಳುವ ಎಲೆ ಶೇ. 20ಕ್ಕಿಂತ ಹೆಚ್ಚಾಯಿತು. ಹೊಲಿಗೆಯಿಂದ ಮನೆ ನಡೆಸುವ ಸಹೋದರಿಯರು ಇದರ ಬೆಲೆಯನ್ನು ತಾವೇ ಲೆಕ್ಕ ಹಾಕಬಹುದು.

ಅರವತ್ತು ದಾಟಿದ ದಾದಿ ಒಂದು ದಿನ “ನನಗೀಗ ಚಸ್ಮಾ ಇಲ್ಲದೆಯೇ ಓದಲು ಬರುತ್ತಿದೆ” ಎಂದರೆ ಮನೆಯವರು ಹಿಗ್ಗುತ್ತಾರೆ. ವ್ಯಾಯಾಮದ ಫಲವೆಂದು ಹತ್ತು ಮಂದಿಗೆ ಹೇಳುತ್ತಾರೆ. ಆದರೆ ಬಹಳ ಸಲ ಅದು ಪೊರೆಯ, ಅಂದರೆ ಮೋತಿಬಿಂದುವಿನ ಆರಂಭ. ಮಸೂರ ದಪ್ಪಗಟ್ಟುತ್ತಾ ಹತ್ತಿರದ ನೋಟ ಕೆಲವು ತಿಂಗಳು ಸುಧಾರಿಸಿ, ದೂರದ್ದು ಕೆಡುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಸಕ್ಕರೆ ಏರಿಳಿದಾಗಲೂ ನಂಬರ್ ಹೀಗೆಯೇ ಆಟವಾಡುತ್ತದೆ.

ಪೊರೆಗೆ ಶಸ್ತ್ರಚಿಕಿತ್ಸೆಯೊಂದೇ ದಾರಿ. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಿಲ್ಲ. ಬಾಗಲಕೋಟೆ ಜಿಲ್ಲೆಯ ಬೀಳಗಿಯ ಡಾ. ಎಂ. ಸಿ. ಮೋದಿ 1943ರಿಂದ ಊರೂರಿಗೆ ಹೋಗಿ ಶಿಬಿರ ನಡೆಸಿ, ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದುಂಟು. 1993ರ ವೇಳೆಗೆ ಅವರು ಮಾಡಿದ ಶಸ್ತ್ರಚಿಕಿತ್ಸೆಗಳು ಆರು ಲಕ್ಷ ದಾಟಿದ್ದವು. 2005ರಲ್ಲಿ ಅವರು ತೀರಿಕೊಂಡರು. ಅವರ ಶಿಬಿರದಲ್ಲಿ ಕಣ್ಣು ಪಡೆದ ಅಜ್ಜಿ ಅಥವಾ ನಾನಾನ ನೆನಪು ನಿಮ್ಮ ಮನೆಯಲ್ಲೂ ಇರಬಹುದು.

ಇದ್ದಕ್ಕಿದ್ದಂತೆ ದೃಷ್ಟಿ ಮಸುಕಾದರೆ, ಮಿಂಚು ಹೊಳೆದಂತೆ ಅಥವಾ ಕಪ್ಪು ಚುಕ್ಕೆಗಳ ಮಳೆ ಸುರಿದಂತೆ ಕಂಡರೆ, ಕೆಂಪಗಾಗಿ ನೋಯುತ್ತಿದ್ದರೆ, ಮಗುವಿನ ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ನಲವತ್ತರ ನಂತರ ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ನೋಡಿಸಿ, ಅದು ನೋವಿಲ್ಲದೆ ದೃಷ್ಟಿ ಕಸಿಯುತ್ತದೆ. ಕಲಬುರಗಿಯಲ್ಲಿ ಜಿಮ್ಸ್ ಆಸ್ಪತ್ರೆಯಿದೆ. ಮನೆಮನೆಗೆ ಬಂದು ಕಣ್ಣು ಪರೀಕ್ಷಿಸಿ ಉಚಿತ ಕನ್ನಡಕ ಕೊಡುವ ರಾಜ್ಯ ಸರ್ಕಾರದ ‘ಆಶಾಕಿರಣ’ ಯೋಜನೆಯ ಮೊದಲ ಹಂತಕ್ಕೆ ಆಯ್ಕೆಯಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ನಿಮ್ಮ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಬ್ರಹ್ಮಪುರದ ಆ ಹುಡುಗಿ ಈಗ ಎರಡೂಕಾಲು ನಂಬರಿನ ಕನ್ನಡಕ ಹಾಕುತ್ತಾಳೆ. ಚೌಕಟ್ಟು ಅವಳೇ ಆರಿಸಿದ್ದು, ನೇರಳೆ ಬಣ್ಣದ್ದು. ಅಂಗೈ ಮುಚ್ಚಿ ಕೂರುವ ಅಭ್ಯಾಸವನ್ನು ತಾಯಿ ಬಿಡಿಸಿಲ್ಲ, ಓದಿನ ನಡುವೆ ಅವಳಿಗೆ ಅದರಿಂದ ಹಿತವಾಗುತ್ತದಂತೆ. ಸಂಜೆ ಇಬ್ಬರೂ ಮಾಳಿಗೆಗೆ ಹೋಗುತ್ತಾರೆ. ನೀವು ಮಗುವನ್ನು ಪರೀಕ್ಷೆಗೆ ಕರೆದೊಯ್ಯುವಾಗ ಹಳೆಯ ಕನ್ನಡಕ, ಹಳೆಯ ಚೀಟಿ ಎರಡನ್ನೂ ಒಯ್ಯಿರಿ. ಹನಿ ಹಾಕಿದ ಮೇಲೆ ಆ ದಿನವಿಡೀ ಹತ್ತಿರದ್ದು ಮಸುಕಾಗಿರುತ್ತದೆ, ಬೆಳಕು ಚುಚ್ಚುತ್ತದೆ. ಮರುದಿನ ಶಾಲೆಯಲ್ಲಿ ಪರೀಕ್ಷೆ ಇಲ್ಲವೆಂದು ಮೊದಲೇ ನೋಡಿಕೊಳ್ಳಿ, ಆಟೋದಲ್ಲಿ ಮರಳುವಾಗ ಮಗುವಿನ ತಲೆಗೆ ಟೋಪಿ ಹಾಕಿ ಅಥವಾ ನಿಮ್ಮ ದುಪಟ್ಟಾ ಮರೆಮಾಡಿ.